ಎದುರುಮನೆಯ ಮಗ್ಗ ನಿಂತ ಹೊತ್ತು

ದೀಪಾವಳಿಗೆ ಮುಂಚೆ ಬನಹಟ್ಟಿಯ ತವರುಮನೆಗೆ ಹೋಗಿದ್ದೆ. ಸುಣ್ಣ ಹಚ್ಚುವುದಕ್ಕೆಂದು ಅಟ್ಟ ಖಾಲಿ ಮಾಡುತ್ತಿದ್ದ ಅಣ್ಣನ ಹೆಂಡತಿ ಒಂದು ಪುಸ್ತಕ ತಂದು ನನ್ನ ಮುಂದೆ ಹಾಕಿ, "ರದ್ದಿಗಿ ಹಾಕ್ಲೇನವಾ, ಇಟ್ಕೋತಿಯೇನು?" ಎಂದಳು. ಪಿಯುಸಿ ಮೊದಲ ವರ್ಷದ ಫಿಸಿಕ್ಸ್ ಪುಸ್ತಕ. ಮೇಲಿನ ಖಾಕಿ ಹೊದಿಕೆ ಹಾಗೇ ಇತ್ತು. ಮೂಗಿನ ಹತ್ತಿರ ಹಿಡಿದರೆ ನೂಲಿನ ಗಂಜಿಯ ಹುಳಿ ವಾಸನೆ, ಅದರ ಹಿಂದೆ ಮಗ್ಗಕ್ಕೆ ಬಿಡುವ ಎಣ್ಣೆಯ ಕಮಟು. ಪುಟ ತಿರುವಿದೆ. ಪುಸ್ತಕವೆಲ್ಲ ನಿನ್ನೆ ಅಂಗಡಿಯಿಂದ ತಂದಷ್ಟು ಬೆಳ್ಳಗಿತ್ತು. ನಡುವೆ ಒಂದೇ ಒಂದು ಹಾಳೆ ಮಾತ್ರ ಹೆಬ್ಬೆರಳು ತಾಗಿ ತಾಗಿ ಕಪ್ಪಾಗಿ, ಅಂಚು ಹರಿದು, ಮುಟ್ಟಿದರೆ ಕೈಗೆ ಬರುವಂತಾಗಿತ್ತು...

ಅದನ್ನು ನೋಡಿದ ಕೂಡಲೇ ಫಿಸಿಕ್ಸ್ ಎಲ್ಲಿ ನೆನಪಾಗಬೇಕು, ನೆನಪಾದವಳು ಎದುರುಮನೆಯ ದೊಡ್ಡವ್ವ.

ದೊಡ್ಡವ್ವ ನಮಗೆ ರಕ್ತಸಂಬಂಧಿಯೇನಲ್ಲ. ನಮ್ಮದು ಒಂದು ಚಕ್ಕಡಿ ಹಾಯುವಷ್ಟೇ ಅಗಲದ ಓಣಿ. ನಮ್ಮ ಬಾಗಿಲಲ್ಲಿ ನಿಂತು ಕೈ ಚಾಚಿದರೆ ಆಕೆಯ ಬಾಗಿಲಿನವರು ಎಲೆ ಅಡಿಕೆ ತೆಗೆದುಕೊಳ್ಳಬಹುದಿತ್ತು. ಅಷ್ಟು ಹತ್ತಿರದವರನ್ನು ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಅವ್ವನಿಗಿಂತ ಹಿರಿಯಳು, ಅದಕ್ಕೇ ದೊಡ್ಡವ್ವ. ಗಂಡ ತೀರಿಕೊಂಡ ಮೇಲೆ ಪಡಸಾಲೆಯಲ್ಲಿದ್ದ ಎರಡು ಕರೆಂಟಿನ ಮಗ್ಗಗಳನ್ನು ಒಬ್ಬಳೇ ನಡೆಸುತ್ತಿದ್ದಳು. ಒಂದೇ ಹೊತ್ತಿಗೆ ಎರಡಕ್ಕೂ ಲಾಳಿ ಬದಲಿಸುತ್ತ, ನಡುವೆ ಒಲೆಯ ಮೇಲಿನ ಬೇಳೆಯನ್ನೂ ನೋಡಿ ಬರುತ್ತಿದ್ದಳು. ಅಕ್ಷರ ಬರುತ್ತಿರಲಿಲ್ಲ. ಆದರೆ ಆಕೆಯ ಕಿವಿಯಂಥ ಕಿವಿಯನ್ನು ನಾನು ಇನ್ನೊಂದು ಕಂಡಿಲ್ಲ. ಓಣಿಯಲ್ಲಿ ಹದಿನಾಲ್ಕು ಮಗ್ಗ ಒಟ್ಟಿಗೇ ಖಟಖಟ ಅನ್ನುತ್ತಿರುವಾಗ ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಮೂಲಿಮನಿಯಾಗ ಎಳಿ ಹರದೈತಿ ನೋಡ್ರಿ" ಎನ್ನುತ್ತಿದ್ದಳು. ಹೋಗಿ ನೋಡಿದರೆ ಹರಿದೇ ಇರುತ್ತಿತ್ತು. ಆ ಕಿವಿಯೇ ಮುಂದೆ ಆಕೆಗೆ ಮುಳುವಾಯಿತು.

ಆಕೆಗೆ ಒಬ್ಬನೇ ಮಗ. ಅವನು ಮೆಟ್ರಿಕ್ಕಿನಲ್ಲಿ ಮೂರು ಸಲ ನಪಾಸಾಗಿ, ಮೂರನೆಯ ಸಲದ ರಿಜಲ್ಟ್ ಬಂದ ದಿನವೇ ಊರು ಬಿಟ್ಟಿದ್ದ. ಎಷ್ಟೋ ದಿನದ ಮೇಲೆ ಇಚಲಕರಂಜಿಯಲ್ಲಿ ಯಾರದೋ ಮಗ್ಗಕ್ಕೆ ನಿಂತಿದ್ದಾನೆ ಎಂದು ಸುದ್ದಿ ಬಂತು. ಅವನು ಬರುತ್ತಿರಲಿಲ್ಲ, ದೊಡ್ಡವ್ವ ಅವನ ಮಾತು ತೆಗೆಯುತ್ತಿರಲಿಲ್ಲ.

ನಾನು ಮೆಟ್ರಿಕ್ ಪಾಸಾದೆ. ಬರೀ ಪಾಸಲ್ಲ, ಡಿಸ್ಟಿಂಕ್ಷನ್. ನಮ್ಮ ಕನ್ನಡ ಸಾಲೆಗೆ ಮೊದಲನೆಯವಳು. ಅದರ ಗುಟ್ಟನ್ನು ಈಗ ಹೇಳಬಹುದು: ನನಗೆ ಬಾಯಿಪಾಠ ಚೆನ್ನಾಗಿ ಬರುತ್ತಿತ್ತು. ಗಣಿತವನ್ನೂ ನಾನು ಬಾಯಿಪಾಠ ಮಾಡಿಯೇ ಬರೆದಿದ್ದೆ. ಪರೀಕ್ಷೆಯಲ್ಲಿ ಪುಸ್ತಕದ್ದೇ ಲೆಕ್ಕ ಬಂದದ್ದು ನನ್ನ ಪುಣ್ಯವೋ ಪಾಪವೋ ತಿಳಿಯದು. ಹೆಡ್‌ಮಾಸ್ತರರು ಮನೆಗೆ ಬಂದು ಪೇಢೆ ತಿಂದು, "ಈಕಿನ್ನ ಸೈನ್ಸಿಗಿ ಹಾಕ್ರಿ" ಎಂದರು. ಓಣಿಯವರು ಅಂದೇ ನನ್ನನ್ನು ಇಂಜಿನಿಯರ್ ಮಾಡಿಬಿಟ್ಟರು. ಆಗ ನಮ್ಮ ಕಡೆ ಇಂಜಿನಿಯರ್ ಅಂದರೆ ಆಲಮಟ್ಟಿ ಡ್ಯಾಮಿನ ಕೆಲಸಕ್ಕೆ ಜೀಪಿನಲ್ಲಿ ಓಡಾಡುವವರು, ಬೀಳಗಿ ಕಡೆಯ ಮುಳುಗಡೆ ಊರುಗಳಲ್ಲಿ ಮನೆ ಅಳೆದು ಗೋಡೆಗೆ ನಂಬರ್ ಬರೆಯುವವರು. ಅಪ್ಪ ಪೇಪರಿನಲ್ಲಿ ಬಂದಿದ್ದ ಸಿಇಟಿ ರ್‍ಯಾಂಕಿನ ಹುಡುಗಿಯರ ಫೋಟೋ ಕತ್ತರಿಸಿ ದೇವರ ಜಗುಲಿಯ ಪಕ್ಕ ಅಂಟಿಸಿದ. ಗುರುತು ಪರಿಚಯ ಇಲ್ಲದ ಆ ಹುಡುಗಿಯರು ದಿನಾ ಬೆಳಗ್ಗೆ ದೇವರ ಜೊತೆ ನನ್ನನ್ನೂ ನೋಡುತ್ತಿದ್ದರು.

ಅಡ್ಡಿ ಇದ್ದದ್ದು ಒಂದೇ, ಸಪ್ಪಳ. ಹಗಲೆಲ್ಲ ಕರೆಂಟು ಹೋಗಿ ಬಂದು ಮಾಡುತ್ತಿದ್ದ ಕಾಲ ಅದು. ಸಂಜೆ ಕರೆಂಟ್ ಒಂದೇ ಸಮನೆ ಸಿಕ್ಕಿತೆಂದರೆ ಓಣಿಯ ಮಗ್ಗಗಳೆಲ್ಲ ಒಟ್ಟಿಗೇ ಎದ್ದು ಕೂಗುತ್ತಿದ್ದವು. ನಮ್ಮಲ್ಲಿ ಓದುವುದು ಅಂದರೆ ಗಟ್ಟಿಯಾಗಿ ಓದುವುದು. ಬಾಯಿ ಮುಚ್ಚಿಕೊಂಡು ಪುಸ್ತಕ ಹಿಡಿದವರು ನಿದ್ದೆ ಮಾಡುತ್ತಿದ್ದಾರೆ ಎಂದೇ ಲೆಕ್ಕ. ಹುಡುಗರ ದನಿ ಬೀದಿಗೆ ಕೇಳಬೇಕು, ಆಗ ತಂದೆ ತಾಯಿಗೆ ಸಮಾಧಾನ. ಹದಿನಾಲ್ಕು ಮಗ್ಗದ ಎದುರು ನನ್ನ ದನಿ ಎಲ್ಲಿಗೆ ಸಾಕು? ನಾನು ಕಾಲೇಜಿಗೆ ಹೆಸರು ಹಚ್ಚಿದ ವಾರವೇ ಒಂದು ಸಂಜೆ ಏಳು ಗಂಟೆಗೆ ದೊಡ್ಡವ್ವ ತನ್ನ ಎರಡೂ ಮಗ್ಗ ನಿಲ್ಲಿಸಿ ಕಟ್ಟೆಗೆ ಬಂದು ಕುಳಿತಳು. "ಹುಡುಗಿ ಓದಲಿ. ಒಂಬತ್ತರ ತನಕ ನಾ ಹಚ್ಚೂದಿಲ್ಲ" ಎಂದಳು. ಮಗ ಹತ್ತಿರ ಇಲ್ಲದ ಮುದುಕಿಯೇ ನಿಲ್ಲಿಸಿದ ಮೇಲೆ ಉಳಿದವರಿಗೆ ನಾಚಿಕೆ. ಪಕ್ಕದವರು ನಿಲ್ಲಿಸಿದರು, ಓಣಿಯೆಲ್ಲ ಕಾಕು ಎಂದು ಕರೆಯುವ ಮೂಲೆಮನೆಯ ಹೆಂಗಸು ಗೊಣಗುತ್ತ ನಿಲ್ಲಿಸಿದಳು. ವಾರದೊಳಗೆ ಏಳರಿಂದ ಒಂಬತ್ತರವರೆಗೆ ನಮ್ಮ ಓಣಿ ಸ್ತಬ್ಧ. ಬೇರೆ ಓಣಿಯವರು ಬಂದು ನೋಡಿ, ಯಾರು ಹೋದರು ಎಂದು ಕೇಳುತ್ತಿದ್ದರು.

ದುಡಿಯುವ ಹೊತ್ತಿನ ಎರಡು ತಾಸನ್ನು ಹೀಗೆ ನನ್ನ ಉಡಿಗೆ ಹಾಕಿ ಅವರೆಲ್ಲ ಕಟ್ಟೆಗಳ ಮೇಲೆ ಕುಳಿತು ನನ್ನ ಓದು ಕೇಳುತ್ತಿದ್ದರು.

ಕಾಲೇಜು ಜಮಖಂಡಿಯಲ್ಲಿ. ದಿನಾ ಬೆಳಗ್ಗೆ ಬಸ್ಸು, ಸಂಜೆ ಬಸ್ಸು. ಮೊದಲ ದಿನ ಫಿಸಿಕ್ಸ್ ಸರ್ ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿದರು, ಮುಂದಿನ ಎರಡು ಬೆಂಚಿನವರು ನಕ್ಕರು, ನಾವು ಹಿಂದಿನವರು ಅವರು ನಕ್ಕಿದ್ದು ನೋಡಿ ನಕ್ಕೆವು. ಇಡೀ ವರ್ಷ ಹಾಗೆಯೇ ಹೋಯಿತು. ವೇಗ, ಬಲ, ಗುರುತ್ವ ಅಂತ ಹತ್ತನೆಯ ಇಯತ್ತೆಯಲ್ಲಿ ಗೆಳೆಯರಂತಿದ್ದ ಮಾತುಗಳೆಲ್ಲ ಬೇರೆ ವೇಷ ಹಾಕಿಕೊಂಡು ಬಂದಿದ್ದವು. ಡಿಕ್ಷನರಿ ಹಿಡಿದು ಒಂದು ಸಾಲು ಬಿಡಿಸುವಷ್ಟರಲ್ಲಿ ಸರ್ ಎರಡು ಪಾಠ ಮುಗಿಸಿರುತ್ತಿದ್ದರು. ಕೇಳಲು ಎದ್ದು ನಿಂತರೆ ಇಂಗ್ಲಿಷಿನಲ್ಲಿ ಕೇಳಬೇಕು. ಅದಕ್ಕೆ ನಾನು ಏಳಲೇ ಇಲ್ಲ.

ಮೊದಲ ಟೆಸ್ಟಿನಲ್ಲಿ ಫಿಸಿಕ್ಸಿಗೆ ಐವತ್ತಕ್ಕೆ ಆರು ಬಂತು, ಗಣಿತಕ್ಕೆ ನಾಲ್ಕು. ಜೀವಮಾನದಲ್ಲಿ ನಾನು ಕೆಂಪು ಶಾಯಿಯ ಅಂಥ ಅಂಕ ನೋಡಿರಲಿಲ್ಲ. ಆ ಪೇಪರುಗಳನ್ನು ಮಡಚಿ ಮಡಚಿ ಸುಪಾರಿ ಪುಡಿಕೆಯಷ್ಟು ಮಾಡಿ, ಬಸ್ಸಿನ ಸೀಟಿನ ರೆಕ್ಸಿನ್ ಹರಿದಿದ್ದ ಜಾಗದಲ್ಲಿ ತುರುಕಿದೆ. ಆಮೇಲೆ ದಿನಾ ಆ ಬಸ್ಸು ಬಂದರೆ ಹೆದರಿಕೆ. ಕಂಡಕ್ಟರ್ ಅದನ್ನು ತೆಗೆದು ಹೆಸರು ಓದಿ, ಯಾರವಾ ಇದು, ಎಂದು ಬನಹಟ್ಟಿ ಸ್ಟ್ಯಾಂಡಿನಲ್ಲಿ ಕೂಗುತ್ತಾನೆ ಅಂತ ಕನಸು ಬೀಳುತ್ತಿತ್ತು.

ತಪ್ಪಿಸಿಕೊಳ್ಳುವ ಒಂದು ಬಾಗಿಲಿತ್ತು. ಆ ತಿಂಗಳ ಕೊನೆಯವರೆಗೆ ಅರ್ಜಿ ಕೊಟ್ಟರೆ ಸೈನ್ಸ್ ಬಿಟ್ಟು ಆರ್ಟ್ಸಿಗೆ ಹೋಗಬಹುದಿತ್ತು. ಅಪ್ಪನ ಸಹಿ ಬೇಕು. ಊಟಕ್ಕೆ ಕುಳಿತಾಗ ಹಾಗೇ ಗಾಳಿಗೆ ಬಿಟ್ಟಂತೆ, "ಅಪ್ಪಾ, ಆರ್ಟ್ಸ್ ತಗೊಂಡ್ರ ಹೆಂಗ?" ಎಂದೆ. ಅಪ್ಪ ತುತ್ತು ಇಳಿಸಿ ನನ್ನ ಮುಖ ನೋಡಿದ. "ಆರ್ಟ್ಸ್ ಅಂದ್ರ ನಪಾಸಾದವ್ರ ಓದು. ನಿನಗಂತ ಇಡೀ ಓಣಿ ಕೈ ಕಟ್ಟಿ ಕುಂತೈತಿ. ನಾಳೆ ಅವ್ರಿಗೆ ಯಾವ ಮಾರಿ ತೋರಸ್ಲಿ?" ಎಂದ. ಬೈಯಲಿಲ್ಲ. ಬೈದಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ. ಅರ್ಜಿಯ ದಿನ ಬಂತು, ಹೋಯಿತು.

ಅಲ್ಲಿಂದ ಮುಂದೆ ಸಂಜೆ ಏಳು ಗಂಟೆ ಆಗುವುದೇ ಬೇಡ ಅನ್ನಿಸುತ್ತಿತ್ತು. ಒಂದೊಂದೇ ಮಗ್ಗ ನಿಲ್ಲುತ್ತಿತ್ತು. ಕೊನೆಯದು ನಿಂತ ಮೇಲೆ ಬರುವ ಆ ಮೌನ, ಅದರಲ್ಲಿ ಯಾರೋ ಕೆಮ್ಮುವುದು, ಮಕ್ಕಳನ್ನು ಗದರಿಸಿ ಸುಮ್ಮನಾಗಿಸುವುದು, ಆಮೇಲೆ ಎಲ್ಲರೂ ನನ್ನ ದನಿಗೆ ಕಾಯುವುದು... ನಾನು ಓದಲೇಬೇಕು. ನಿಂತರೆ ಕಟ್ಟೆಯಿಂದ, "ಯಾಕವಾ, ನಿದ್ದಿ ಬಂತೇನು?" ಎಂದು ಕೇಳುತ್ತಿದ್ದರು, ಪ್ರೀತಿಯಿಂದಲೇ. ತಿಳಿಯದ ಪಾಠ ತಡವರಿಸದೆ ಓದುವುದು ಆಗದ ಕೆಲಸ. ತಡವರಿಸದೆ ಓದಬಲ್ಲ ಹಾಳೆ ಇದ್ದದ್ದು ಒಂದೇ. ವರ್ತುಲದಲ್ಲಿ ಸುತ್ತುವ ವಸ್ತುವಿನ ಪಾಠ. ಅದನ್ನು ಮೊದಲ ವಾರವೇ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. 'ಎ ಬಾಡಿ ಮೂವಿಂಗ್ ಇನ್ ಎ ಸರ್ಕಲ್' ಎಂದು ಶುರು ಮಾಡಿ ಹಾಳೆ ಮುಗಿಸಿ, ಸ್ವಲ್ಪ ದನಿ ಬದಲಿಸಿ, ಮತ್ತೆ ಅದನ್ನೇ ಓದುತ್ತಿದ್ದೆ. ಎರಡು ತಾಸಿನಲ್ಲಿ ಮೂವತ್ತು ಸಲ. ಇಂಗ್ಲಿಷ್ ಯಾರಿಗೆ ತಿಳಿಯಬೇಕು? ಅವರು ತಲೆದೂಗುತ್ತಿದ್ದರು. ಕಾಕು ತನ್ನ ಮೊಮ್ಮಕ್ಕಳಿಗೆ, "ಹೆಂಗ ಹರಿಯೂ ನೀರಿನಂಗ ಓದ್ತಾಳ ಕೇಳ್ರಿ" ಎನ್ನುತ್ತಿದ್ದಳು.

ಹೀಗೆ ಎಷ್ಟೋ ದಿನ ನಡೆಯಿತು. ಒಂದು ರವಿವಾರ ಮಧ್ಯಾಹ್ನ ದೊಡ್ಡವ್ವ ಬಾಗಿಲಿಗೆ ಬಂದು, "ಎಳಿ ಹರದೈತಿ, ನನಗ ಕಾಣವಲ್ದು, ಬಾ" ಎಂದು ಕರೆದಳು. ಹೋದೆ. ಕರೆಂಟ್ ಇರಲಿಲ್ಲ, ಮಗ್ಗಗಳು ತಣ್ಣಗೆ ನಿಂತಿದ್ದವು. ಯಾವ ಎಳೆಯೂ ಹರಿದಿರಲಿಲ್ಲ. ನನ್ನನ್ನು ಮಗ್ಗದ ಹಲಗೆಯ ಮೇಲೆ ಕೂರಿಸಿ ತಾನು ಎದುರಿಗೆ ನೂಲಿನ ಬುಟ್ಟಿ ಎಳೆದುಕೊಂಡು ಕುಳಿತಳು.

"ಒಂದು ಮಾತ ಕೇಳ್ತೇನಿ. ನೀ ಭಾಳ ದಿನದಿಂದ ಒಂದ ಹಾಳಿ ಓದಾಕತ್ತೀ, ಹೌದಲ್ಲ?"

"ಇಲ್ಲ ಬೇ. ಪಾಠ ಮುಂದ ಹೋಗ್ಯಾವು" ಎಂದೆ.

ದೊಡ್ಡವ್ವ ಎರಡು ಬೆರಳಿನಿಂದ ಹಲಗೆಯ ಮೇಲೆ ತಟ್ಟತೊಡಗಿದಳು. ಉದ್ದಕ್ಕೊಂದು, ಗಿಡ್ಡಕ್ಕೊಂದು. "ಇಲ್ಲಿ ಉಸುರು ತಗೋತಿ. ಇಲ್ಲಿ ಒಂದು ಶಬ್ದ ತೊಡಕತೈತಿ, ಹೊಳ್ಳಿ ಅಂತಿ. ಇಲ್ಲಿ ದನಿ ಇಳೀತೈತಿ. ಆಮ್ಯಾಲ ಮತ್ತ ಮೊದಲಿಂದ" ಎಂದಳು. ನನ್ನ ಹಾಳೆ ಪೂರ್ತಿ, ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಇಲ್ಲದೆ ಆಕೆಯ ಬೆರಳಿನಲ್ಲಿತ್ತು.

"ನಿನಗ ಇಂಗ್ಲೀಷ್ ತಿಳಿಯೂದಿಲ್ಲ" ಎಂದೆ, ಸಿಟ್ಟಿನಿಂದ.

"ನನಗ ತಿಳಿಯೂದಿಲ್ಲ ಖರೆ. ನಿನಗ ತಿಳೀತೈತೇನು?"

ನಾನು ಅತ್ತೆ. ಸೀಟಿನಲ್ಲಿ ತುರುಕಿದ ಪೇಪರಿನಿಂದ ಹಿಡಿದು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ, ಬಾವಿಗೆ ಬೀಳಬೇಕು ಅನ್ನಿಸುತ್ತದೆ ಎಂದು ಕೂಡ ಬಾಯಿಂದ ಬಂತು. ಹಾಗೆ ಅನ್ನಿಸಿತ್ತೋ ಇಲ್ಲವೋ, ಆ ಹೊತ್ತಿಗೆ ಬಂತು. ದೊಡ್ಡವ್ವ ನೂಲಿನ ಬುಟ್ಟಿ ಬದಿಗೆ ಸರಿಸಿದಳು. "ನನ್ನ ಮಗಾನೂ ಹಿಂಗ ಓದತಿದ್ದ" ಎಂದಳು. "ದಿನಾ ಒಂದ ಪಾಠ. ನನಗ ಗೊತ್ತಿತ್ತು. ಓದಾಕತ್ತಾನಲ್ಲ, ಓದಲಿ ಅಂತ ಸುಮ್ಮಿದ್ದೆ. ರಿಜಲ್ಟ್ ಬಂದ ದಿನಾ ಮನಿಗಿ ಬರಲಿಲ್ಲ. ಮೂರು ದಿನಾ ಬಾವಿ ಬಾವಿ ಹುಡುಕಿಸೇನಿ, ಗೊತ್ತೈತೇನು ನಿನಗ?" ಆಮೇಲೆ, "ನಿಮ್ಮಪ್ಪಗ ನಾ ಹೇಳ್ತೇನಿ. ಬಿಡಸ್ತೇನಿ ನಿನ್ನ" ಎಂದು ಎದ್ದಳು.

ಆಗ ನಾನು ಮಾಡಿದ ಕೆಲಸವನ್ನು ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ. ಆಕೆಯ ಕೈ ಹಿಡಿದೆಳೆದು, "ಯಾರಿಗೂ ಹೇಳೂದಿಲ್ಲ ಅಂತ ಮಗ್ಗಾ ಮುಟ್ಟಿ ಆಣಿ ಮಾಡು" ಎಂದೆ. ನಮ್ಮಲ್ಲಿ ದೇವರ ಆಣೆ, ತಾಯಿ ಆಣೆ ಎಂದು ಸುಳ್ಳು ಹೇಳುವವರು ಬೇಕಾದಷ್ಟು ಜನ. ಮಗ್ಗ ಮುಟ್ಟಿ ಆಡಿದ ಮಾತನ್ನು ಮಾತ್ರ ಯಾರೂ ಮುರಿಯುವುದಿಲ್ಲ. ಮುರಿದ ಕೈಗೆ ಮಗ್ಗ ಒಲಿಯುವುದಿಲ್ಲ ಎಂದು ನಂಬಿಕೆ, ಹೊಟ್ಟೆಗೆ ಅನ್ನ ಹಾಕುವುದು ಅದೇ ತಾನೇ. ದೊಡ್ಡವ್ವ ಕೈ ಬಿಡಿಸಿಕೊಂಡಳು. ಆಮೇಲೆ ಸೆರಗು ಹೊದ್ದುಕೊಂಡು, ಬಲಗೈಯನ್ನು ಮಗ್ಗದ ಮೇಲಿಟ್ಟು, "ನೀ ಆಣಿ ಬಿಡೂ ತನಕಾ ಯಾರ ಮುಂದೂ ಹೇಳೂದಿಲ್ಲ. ಆತಿಲ್ಲ?" ಎಂದಳು.

ನಾನು ಬಾಗಿಲು ದಾಟುವಾಗ ಹಿಂದಿನಿಂದ ಕೂಗಿ ಹೇಳಿದಳು: "ನಾಳಿಂದ ನೀ ಒದರಬ್ಯಾಡ. ನಾ ಮಗ್ಗಾ ಹಚ್ಚತೇನಿ. ಸಪ್ಪಳದಾಗ ನಿನ್ನ ದನಿ ಯಾರಿಗೂ ಕೇಳೂದಿಲ್ಲ. ತಿಳಿದಷ್ಟು ಮನಸಿನಾಗ ಓದು, ತಿಳೀದಿದ್ರ ಸುಮ್ಮ ಕುಂಡ್ರು. ಒಂದೀಟು ಉಸುರಾರ ಬಿಡು."

ಮರುದಿನ ಸಂಜೆ ಏಳಕ್ಕೆ ಎಲ್ಲ ಮಗ್ಗಗಳೂ ನಿಂತವು, ದೊಡ್ಡವ್ವನ ಎರಡು ಬಿಟ್ಟು. ಮೊದಲು ಮರೆತಿರಬೇಕು ಅಂದುಕೊಂಡರು. ಅರ್ಧ ತಾಸಾದ ಮೇಲೆ ಅಪ್ಪ ಎದ್ದು ಹೋಗಿ, "ವೈನಿ, ಹುಡುಗಿ ಓದೂ ಹೊತ್ತರೀ" ಎಂದ. ದೊಡ್ಡವ್ವ ಲಾಳಿಯಿಂದ ಕಣ್ಣು ಎತ್ತದೆ, "ನನ್ನ ಮಗ್ಗಾ, ನನ್ನ ಹೊತ್ತು. ಹೊಟ್ಟಿ ಕೇಳ್ಬೇಕಲ್ಲಪಾ" ಎಂದಳು. ಮೂರನೆಯ ದಿನ ಓಣಿಯ ಗಂಡಸರು ನಾಲ್ಕು ಜನ ಹೋಗಿ ನಿಂತರು. ಅದೇ ಉತ್ತರ. ಮೂಲೆಮನೆಯ ಕಾಕು ನಡು ಓಣಿಯಲ್ಲಿ ಸೊಂಟಕ್ಕೆ ಸೆರಗು ಸಿಗಿಸಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ತನ್ನ ಮಗಾ ಮೂರು ಸಲ ನಪಾಸಾದ. ಮಂದಿ ಮಗಳು ಮ್ಯಾಲ ಹೋಗೂದು ಕಣ್ಣಾಗ ಚುಚ್ಚಾಕತ್ತೈತಿ ಈಕಿಗಿ. ಹೊಟ್ಟಿಕಿಚ್ಚು!"

ದೊಡ್ಡವ್ವನ ಮಗ್ಗ ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು.

ನಾನು ಒಳಗೆ ಪುಸ್ತಕದ ಮುಂದೆ ಕುಳಿತಿದ್ದೆ. ನನಗೆ ಏನನ್ನಿಸಿತು ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕೆಂದರೆ, ಹಾಯೆನಿಸಿತು. ತಿಂಗಳ ಮೇಲೆ ಮೊದಲ ಸಲ ಬಾಯಿ ಮುಚ್ಚಿಕೊಂಡು ಕುಳಿತಿದ್ದೆ. ಗಂಟಲು ನೋಯುತ್ತಿರಲಿಲ್ಲ. ಆ ಖಟಖಟದ ನಡುವೆ ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಹೊರಗೆ ಆಕೆಗೆ ಬೈಗುಳ ಬೀಳುತ್ತಿತ್ತು, ಒಳಗೆ ನಾನು ತಣ್ಣಗಿದ್ದೆ. ಹದಿನೈದು ದಿನದೊಳಗೆ, ಆಕೆಗಿಲ್ಲದ್ದು ನಮಗೇಕೆ ಎಂದು ಒಬ್ಬೊಬ್ಬರೇ ಮಗ್ಗ ಹಚ್ಚಿದರು. ಓಣಿಯ ಮೌನ ಮುಗಿಯಿತು. ಮೊದಲು ನಿಲ್ಲಿಸಿದವಳು ಆಕೆಯೇ ಎಂಬುದು ಯಾರಿಗೂ ನೆನಪಿರಲಿಲ್ಲ. ಮೊದಲು ಹಚ್ಚಿದವಳು ಆಕೆ ಎಂಬುದು ಮಾತ್ರ ಎಲ್ಲರಿಗೂ ನೆನಪುಳಿಯಿತು.

ಅವ್ವ ದೊಡ್ಡವ್ವನ ಮನೆಗೆ ಹೆಪ್ಪಿಗೆ ಮೊಸರು ಕೊಡುವುದು ನಿಲ್ಲಿಸಿದಳು. ನಾನು ಬೆಳಗ್ಗೆ ಬಸ್ಸಿಗೆ ಹೋಗುವಾಗ ಆಕೆ ಬಾಗಿಲಲ್ಲಿ ರಂಗೋಲಿ ಹಾಕುತ್ತ ತಲೆ ಎತ್ತುತ್ತಿದ್ದಳು. ನೋಟದಲ್ಲಿ ಒಂದೇ ಪ್ರಶ್ನೆ ಇರುತ್ತಿತ್ತು, ಅಪ್ಪಗ ಹೇಳಿದಿಯೇನು ಎಂದು. ನಾನು ಚಪ್ಪಲಿ ನೋಡುತ್ತ ದಾಟುತ್ತಿದ್ದೆ.

ದಸರೆ ಬಂತು. ನಮ್ಮ ಕಡೆ ಬನ್ನಿ ಕೊಡುವ ಸಂಜೆ ವರ್ಷದ ಜಗಳವೆಲ್ಲ ಮುಗಿಯಬೇಕು. ಚಿಕ್ಕವರು ಹಿರಿಯರ ಮನೆಗೆ ಹೋಗಿ ಬನ್ನಿ ಎಲೆ ಕೈಗಿಟ್ಟು ಕಾಲಿಗೆ ಬೀಳುವುದು ಪದ್ಧತಿ. ಆ ವರ್ಷ ನಮ್ಮ ಓಣಿಯ ಒಂದು ಹುಡುಗನೂ ದೊಡ್ಡವ್ವನ ಹೊಸಿಲು ಹತ್ತಲಿಲ್ಲ. ಕತ್ತಲಾಗುವ ಹೊತ್ತಿಗೆ, ಓಣಿಗೇ ಹಿರಿಯಳಾದ ಆಕೆ ತಾನೇ ಬನ್ನಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ಇಳಕಲ್ ಸೀರೆ ಉಟ್ಟಿದ್ದಳು. "ಬನ್ನಿ ತಗೊಂಡು ಬಂಗಾರದಂಗ ಇರೂಣಪಾ" ಎಂದು ಅಪ್ಪನ ಕಡೆ ಕೈ ಚಾಚಿದಳು. ಅಪ್ಪ ಪೇಪರ್ ಓದುತ್ತಿದ್ದ. ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿದ. ನಾನು ನಡುಮನೆಯ ಪರದೆಯ ಹಿಂದೆ ನಿಂತಿದ್ದೆ. ದೊಡ್ಡವ್ವನಿಗೆ ನನ್ನ ಕಾಲು ಕಾಣುತ್ತಿದ್ದವು, ಆಕೆ ನೋಡಿದ್ದು ಅವನ್ನೇ. ಪರದೆ ಸರಿಸಿ ಎರಡು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಆಣಿ ಬಿಟ್ಟೇನಿ ಬೇ, ಹೇಳಿಬಿಡು ಎಂದು ನಾಲ್ಕು ಶಬ್ದ. ಡಿಸ್ಟಿಂಕ್ಷನ್ ಬಂದವಳಿಗೆ ನಾಲ್ಕು ಶಬ್ದ ಬಾಯಿಗೆ ಬರಲಿಲ್ಲ... ಆಕೆ ಚಾಚಿದ ಕೈಯನ್ನು ಹಾಗೇ ಸ್ವಲ್ಪ ಹೊತ್ತು ಹಿಡಿದಿದ್ದು, ಎಲೆಗಳನ್ನು ಹೊಸಿಲ ಮೇಲಿಟ್ಟು ಹೋದಳು. ಬೆಳಗ್ಗೆ ಅವ್ವ ಕಸದ ಜೊತೆ ಗುಡಿಸಿದಳು.

ಬೇಸಿಗೆಯಲ್ಲಿ ರಿಜಲ್ಟ್ ಬಂತು. ಕಾಲೇಜಿನ ಬೋರ್ಡಿನಲ್ಲಿ ನನ್ನ ನಂಬರ್ ಇರಲಿಲ್ಲ. ನಾನು ಅಲ್ಲಿ ನಿಂತು ಮೇಲಿಂದ ಕೆಳಗೆ ಆರು ಸಲ ಓದಿದೆ, ಅದನ್ನೂ ಬಾಯಿಪಾಠ ಮಾಡುವವಳಂತೆ. ಮ್ಯಾಲ ಹೋಗಬೇಕಾದವಳು ನಪಾಸು. ಬಸ್ಸು ಹತ್ತದೆ ಸ್ಟ್ಯಾಂಡಿನಲ್ಲಿ ಮೂರು ತಾಸು ಕುಳಿತೆ. ಮನೆಗೆ ಹೋಗುವ ಧೈರ್ಯವಿರಲಿಲ್ಲ. ಕೊನೆಗೆ ಹೋದೆ. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ, ಸುತ್ತ ಓಣಿಯವರು. ಸತ್ತೆ ಅಂದುಕೊಂಡೆ. ಅಪ್ಪ ಎದ್ದು ಬಂದು ನನ್ನ ತಲೆ ಮೇಲೆ ಕೈಯಿಟ್ಟ.

"ನಿಂದೇನು ತಪ್ಪಿಲ್ಲ ಬಿಡವಾ" ಎಂದ. "ಅಂಥಾ ಸಪ್ಪಳದಾಗ ಯಾರು ಓದ್ತಾರ? ನಿನ್ನ ನಸೀಬಿಗಿ ಆ ಹೆಣ್ಮಗಳು ಎದುರಮನಿಯಾಗ ಇದ್ಲು." ಓಣಿಯವರೆಲ್ಲ ಹೂಂಗುಟ್ಟಿದರು. ಎದುರಿಗೆ ದೊಡ್ಡವ್ವನ ಬಾಗಿಲು ತೆರೆದೇ ಇತ್ತು. ಕೇಳಿಸದೆ ಇರಲು ಸಾಧ್ಯವೇ ಇಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ ಅಳತೊಡಗಿದೆ, ಅದು ಹೌದು ಎಂದಂತಾಯಿತು.

ಆ ಜೂನಿನಲ್ಲಿ ಅಪ್ಪ ತಾನೇ ಆರ್ಟ್ಸಿನ ಅರ್ಜಿಗೆ ಸಹಿ ಹಾಕಿದ. ಸೈನ್ಸ್ ಈ ಓಣಿಯಲ್ಲಿ ಆಗದ ಮಾತು ಎಂದು ತೀರ್ಮಾನವಾಗಿತ್ತು. ನಾನು ಪಾಸಾದೆ, ಮುಧೋಳದಲ್ಲಿ ಡಿ.ಎಡ್ ಮಾಡಿದೆ, ಬೀಳಗಿ ಹತ್ತಿರದ ಒಂದು ಪುನರ್ವಸತಿ ಊರಿನ ಸಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಈ ಅನ್ನ, ಈ ಹುದ್ದೆ, ಎಲ್ಲ ಬಂದದ್ದು ತಪ್ಪು ಆ ಮಗ್ಗದ್ದು ಎಂದು ಎಲ್ಲರೂ ನಂಬಿದ್ದರಿಂದ. ನಂಬದಿದ್ದರೆ ನನ್ನನ್ನು ಮತ್ತೊಮ್ಮೆ ಸೈನ್ಸಿಗೇ ಕೂರಿಸುತ್ತಿದ್ದರು. ನಾನು ಬೋನಿನಿಂದ ಹೊರಬಿದ್ದೆ, ಒಳಗೆ ದೊಡ್ಡವ್ವ ಉಳಿದಳು.

ಒಮ್ಮೆ ಮಾತ್ರ ಒಬ್ಬಳೇ ಸಿಕ್ಕಿದ್ದಳು. ಡಿ.ಎಡ್ ಓದುವಾಗ, ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ. ಬೆಲ್ಲದ ಪುಟ್ಟ ಗಂಟೊಂದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಕಣ್ಣು ಮಂದವಾಗಿದ್ದವು, ನನ್ನನ್ನು ಗುರುತಿಸಿದ್ದು ದನಿಯಿಂದ. ಕೈ ಹಿಡಿದುಕೊಂಡು, "ಈಗ ಓದಿದ್ದು ತಿಳೀತೈತೇನವಾ?" ಎಂದು ಕೇಳಿದಳು.

"ತಿಳೀತೈತಿ ಬೇ."

"ಆತು ಬಿಡು" ಎಂದಳು. ಅಷ್ಟೇ. ಆಣೆಯ ಮಾತು ಆಕೆ ಎತ್ತಲಿಲ್ಲ. ನಾನು ಎತ್ತಬೇಕು ಎಂದುಕೊಳ್ಳುವಷ್ಟರಲ್ಲಿ ಮುಧೋಳದ ಬಸ್ಸು ಬಂತು. ಗೆಳತಿಯರು ಕೂಗಿದರು. ಅದರ ಹಿಂದೆ ಅರ್ಧ ತಾಸಿಗೆ ಇನ್ನೊಂದು ಬಸ್ಸಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಓಡಿ ಹತ್ತಿದೆ.

ಮರುವರ್ಷ ಮಗ ಬಂದು ಮಗ್ಗಗಳನ್ನು ಮಾರಿ ಆಕೆಯನ್ನು ಇಚಲಕರಂಜಿಗೆ ಕರೆದುಕೊಂಡು ಹೋದನಂತೆ. ಅಲ್ಲೇ ತೀರಿಕೊಂಡಳು ಎಂದು ಯಾರೋ ನೂಲಿನ ವ್ಯಾಪಾರಿ ಸುದ್ದಿ ತಂದ. ನಾನು ಆ ದಿನ ಊರಲ್ಲೇ ಇದ್ದೆ. ಅಪ್ಪ ಚಹಾ ಕುಡಿಯುತ್ತ, "ಪಾಪ, ದುಡಿಯಾಕ ಗಟ್ಟಿ ಇದ್ಲು. ಮನಸು ಒಂದೀಟು ಛಲೋ ಇಟ್ಕೋಬೇಕಾಗಿತ್ತು" ಎಂದ. ನಾನು ಅಪ್ಪನ ಬಸಿಗೆ ಇನ್ನಷ್ಟು ಚಹಾ ಸುರಿದೆ. ಈಗ ಅಪ್ಪನೂ ಇಲ್ಲ.

ಆ ಪುಸ್ತಕ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾಗಲೇ ಮೂಲೆಮನೆಯ ಕಾಕು ಕೋಲೂರಿಕೊಂಡು ಬಂದಳು. ಅಣ್ಣನ ಮಗಳು ಈ ವರ್ಷ ಮೆಟ್ರಿಕ್. ಅಣ್ಣ ಆಗಲೇ ಸೈನ್ಸ್ ಎಂದು ನಿರ್ಧರಿಸಿದ್ದಾನೆ, ಹುಡುಗಿಯ ಮುಖ ಬಾಡಿತ್ತು. ಕಾಕು ಆಕೆಯ ಗಲ್ಲ ಹಿಡಿದು, "ನಿಮ್ಮತ್ತಿ ಇಂಜಿನಿಯರ್ ಆಗಬೇಕಾಗಿತ್ತು ಬೇ. ಎದುರಮನಿಯಾಕಿ ಹೊಟ್ಟಿಕಿಚ್ಚಿಲೆ ಮಗ್ಗಾ ಹಚ್ಚಿ ಈಕಿ ನಸೀಬ ಹಾಳ ಮಾಡಿದ್ಲು" ಎಂದು ಶುರು ಮಾಡಿದಳು.

ನನಗೆ ತಡೆಯಲಾಗಲಿಲ್ಲ. ಹೇಳಿದೆ. ಒಂದು ಹಾಳೆಯ ಓದು, ಬಸ್ಸಿನ ಸೀಟು, ಹಲಗೆಯ ಮೇಲೆ ತಟ್ಟಿದ ಬೆರಳು, ಮಗ್ಗದ ಮೇಲಿನ ಆಣೆ, ಪರದೆಯ ಹಿಂದೆ ನಿಂತ ನಾನು. ಏನೂ ಬಿಡಲಿಲ್ಲ. ತಪ್ಪು ನನ್ನದು, ಆಕೆ ಮಾಡಿದ್ದೆಲ್ಲ ನನಗಾಗಿ ಎಂದೆ. ಹೇಳಬೇಕಾಗಿದ್ದ ಕಿವಿಗೆ ಇನ್ನು ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ದನಿ ಎತ್ತರಿಸಿಯೇ ಹೇಳಿದೆ. ಅಣ್ಣನ ಹೆಂಡತಿ ಕೈಯಲ್ಲಿ ಸುಣ್ಣದ ಕುಂಚ ಹಿಡಿದು ನಿಂತುಬಿಟ್ಟಿದ್ದಳು. ಕಾಕುವಿನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಂಬಿದಳು ಅಂದುಕೊಂಡೆ.

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು ಹುಡುಗಿಯ ಕಡೆ ತಿರುಗಿದಳು. "ನೋಡಿ ಕಲಿ ಬೇ. ಇಂಥಾ ದೊಡ್ಡ ಮನಸು ಯಾರಿಗಿರತೈತಿ? ತನ್ನ ಜೀವನಾ ಹಾಳ ಮಾಡಿದಾಕಿ ಸತ್ತು ಹೋಗ್ಯಾಳಂತ, ಆಕಿ ತಪ್ಪೂ ತನ್ನ ಮ್ಯಾಲ ಹಾಕ್ಕೊಳ್ಳಾಕತ್ಯಾಳ."

"ಇಲ್ಲ ಕಾಕು, ಖರೇನ ಹೇಳಾಕತ್ತೇನಿ" ಎಂದೆ.

"ಗೊತ್ತೈತಿ ಬಿಡವಾ" ಎಂದು ಆಕೆ ನನ್ನ ಕೈ ತಟ್ಟಿದಳು. ಅಣ್ಣನ ಹೆಂಡತಿ ಚಹಾ ಮಾಡಿ ತಂದಳು. ನಾನು ಇನ್ನೊಮ್ಮೆ, ಮೊದಲಿನಿಂದ, ಎಲ್ಲವನ್ನೂ ಹೇಳಿದೆ. ಅವರು ಇನ್ನೊಮ್ಮೆ ನನ್ನನ್ನು ಹೊಗಳಿದರು.